ಮಗ್ಗುಲು ಬದಲಿಸೋರು ಯಾರು? ನರ್ಸಿಂಗ್ ಹೋಮ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ

ದರೋಜಿಯಿಂದ ಮಾತಾಡ್ತಿದೀನಿ. ಹೊರಗಿನವರಿಗೆ ನಮ್ಮೂರು ಅಂದ್ರೆ ಕರಡಿಧಾಮ. ನಮಗೆ ಮಾತ್ರ, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಹೊಸಪೇಟೆಗೆ ಹೋಗೋದಾ, ಬಳ್ಳಾರಿಗೆ ಹೋಗೋದಾ ಅನ್ನೋ ಚಿಂತೆ. ಹೋದ ಮೇಲೆ ಅಲ್ಲಿ ಆರೈಕೆ ಚೆನ್ನಾಗಿದೆಯಾ ಅಂತ ನಮ್ಮಂಥವರು ಹೇಗೆ ತಿಳ್ಕೋಬೇಕು? ಇವತ್ತು ಅದೇ ಮಾತು.

ಹೋದ ವರ್ಷ ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ರ ಮೂಳೆ ಮುರೀತು. ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದ್ವಿ. ಹೆಸರು ಬೇಡ. ಗಾಜಿನ ಬಾಗಿಲು, ಎಸಿ, ಗೂಗಲ್‌ನಲ್ಲಿ ಒಳ್ಳೆ ಸ್ಟಾರ್. ಆಪರೇಷನ್ನೂ ಚೆನ್ನಾಗೇ ಆಯ್ತು. ಆರನೇ ದಿನ ಸೀರೆ ಬದಲಿಸುವಾಗ ಅವ್ವ ಚೀರಿದ್ಲು. ಅಜ್ಜಿಯ ಬೆನ್ನ ಕೆಳಗೆ ಅಂಗೈಯಗಲದ ಹಾಸಿಗೆ ಹುಣ್ಣು. ಯಾಕಜ್ಜಿ ಹೇಳಲಿಲ್ಲ ಅಂದ್ರೆ, "ರಾತ್ರಿ ಕರದ್ನಪ್ಪಾ, ಯಾರೂ ಬರ್ಲಿಲ್ಲ. ನಿಮಗ್ಯಾಕ ತ್ರಾಸು ಅಂತ ಸುಮ್ನಾದೆ" ಅಂದ್ಲು.

ಸಿಸ್ಟರ್‌ನ ಕೇಳಿದ್ವಿ. "ಹೊರಳಿಸೋದು ಅಟೆಂಡರ್ ಕೆಲಸ ಅಲ್ವಾ?" ಅಂದ್ರು. ಅಟೆಂಡರ್ ಅಂದ್ರೆ ನಾವೇ! ನಾವು ಅವರು ಮಾಡ್ತಾರೆ ಅಂದ್ಕೊಂಡಿದ್ವಿ, ಅವರು ನಾವು ಮಾಡ್ತೀವಿ ಅಂದ್ಕೊಂಡಿದ್ರು. ನಡುವೆ ಅಜ್ಜಿ ಆರು ದಿನ ಅಂಗಾತ ಮಲಗಿದ್ಲು. ಮೂಳೆ ಕೂಡಿದ ಮೇಲೂ ಆ ಹುಣ್ಣು ಮಾಯಲಿಲ್ಲ.

ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಪಾಠದಲ್ಲಿ ಒಂದು ಮಾತು ಹೇಳ್ತಿದ್ರು: ಬ್ಯಾಲೆನ್ಸ್ ಶೀಟ್ ನೋಡಿ ಖುಷಿಪಡಬೇಡ, ವೋಚರ್ ತೆಗೆದು ನೋಡು. ಆಸ್ಪತ್ರೆ ಕಟ್ಟಡ ಬ್ಯಾಲೆನ್ಸ್ ಶೀಟ್ ಇದ್ದಂಗೆ. ವೋಚರ್ ಎಲ್ಲಿರುತ್ತೆ?

ಮೊದಲನೇದು, ಸೇರಿಸೋ ದಿನಾನೇ ಬಾಯಿಬಿಟ್ಟು ಕೇಳಿ: ಮಗ್ಗುಲು ಬದಲಿಸೋರು, ಡೈಪರ್ ತೆಗೆಯೋರು, ಊಟ ತಿನ್ನಿಸೋರು ನೀವಾ, ನಾವಾ? ಎದ್ದು ಹೊರಳೋಕೆ ಆಗದವರನ್ನ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಹೊರಳಿಸಬೇಕು. ನಾವೇ ಮಾಡಬೇಕು ಅಂದ್ರೆ ಹೇಗೆ ಅಂತ ತೋರಿಸಿಕೊಡಿ ಅನ್ನಿ.

ಎರಡನೇದು, ರಾತ್ರಿ ಹೋಗಿ ನೋಡಿ. ಹಗಲು ಎಲ್ಲಾ ಕಡೆ ಜನ ಇರ್ತಾರೆ. ರಾತ್ರಿ 2 ಗಂಟೆಗೆ ಬೆಲ್ ಒತ್ತಿದ್ರೆ ಎಷ್ಟು ಹೊತ್ತಿಗೆ ಬರ್ತಾರೆ? ಡ್ಯೂಟಿ ಡಾಕ್ಟರ್ ಕಟ್ಟಡದಲ್ಲೇ ಇದ್ದಾರಾ, ಫೋನಲ್ಲಿ ಮಾತ್ರಾನಾ?

ಮೂರನೇದು, ಕೈ ನೋಡಿ. ಒಬ್ಬ ಪೇಷಂಟ್‌ನಿಂದ ಇನ್ನೊಬ್ಬರ ಹತ್ರ ಹೋಗುವಾಗ ಸಿಸ್ಟರ್ ಕೈ ತೊಳೀತಾರಾ?

ನಾಲ್ಕನೇದು, ಗೋಡೆ ನೋಡಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಎಲ್ಲರೂ ಕೆಪಿಎಂಇ ಅಂತಾರೆ. ಅದರ ನೋಂದಣಿ ಪ್ರಮಾಣಪತ್ರ, ದರಪಟ್ಟಿ ಎಲ್ಲರಿಗೂ ಕಾಣೋ ಹಂಗೆ ಹಾಕಿರಬೇಕು. ನೋಂದಣಿ ಅವಧಿ 5 ವರ್ಷ, ದಿನಾಂಕ ನೋಡಿ. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಪಟ್ಟಿಯೂ ಸೇರಿದೆ. ತುರ್ತು ಚಿಕಿತ್ಸೆಗೆ ಮೊದಲು ದುಡ್ಡು ಕಟ್ಟಿ ಅಂತ ಹಠ ಹಿಡಿಯೋ ಹಂಗಿಲ್ಲ.

ದೂರು ಕೊಡೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ನಮ್ಮ ಕಡೆಯವರು ಇಲ್ಲೇ ಎಡವೋದು. ದರೋಜಿ ಬಳ್ಳಾರಿ ಜಿಲ್ಲೆ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿಗೇ ದೂರು ಕೊಡಬೇಕು. ಅದಕ್ಕೂ ಮುಂಚೆ ಕೇಸ್ ಶೀಟ್ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಡಾಕ್ಟರ್ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತೆ.

ಎಲ್ಲವೂ ನಮ್ಮ ಕಣ್ಣಿಗೆ ಕಾಣಲ್ಲ, ಒಪ್ಕೋತೀನಿ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಹೋಗಿದ್ದು ಡ್ರಿಪ್ ಬಾಟಲಿ ಮೇಲೆ. ಅದನ್ನ ಮಂಚದ ಪಕ್ಕ ನಿಂತವರು ಕಂಡುಹಿಡಿಯೋಕೆ ಆಗಲ್ಲ, ಅದಕ್ಕೆ ಲ್ಯಾಬ್ ಬೇಕು, ಸರ್ಕಾರ ಬೇಕು. ಆದ್ರೆ ಅಜ್ಜಿಯ ಬೆನ್ನು ನೋಡೋಕೆ ಲ್ಯಾಬ್ ಬೇಕಾಗಿರಲಿಲ್ಲ. ದಿನಕ್ಕೊಂದು ಸಲ ನಾನೇ ನೋಡಿದ್ರೆ ಸಾಕಿತ್ತು. ಆರು ದಿನ ಅಲ್ಲೇ ಕೂತು ಫೋನ್ ನೋಡ್ತಿದ್ದೆ.

ಅಜ್ಜಿ ಈಗ ಕೋಲು ಹಿಡಿದು ಕಟ್ಟೆವರೆಗೆ ನಡೀತಾಳೆ. ನಿಮ್ಮ ಮನೇಲಿ ಯಾರಾದ್ರೂ ಅಡ್ಮಿಟ್ ಆಗಿದ್ರೆ, ಈ ಸಂಚಿಕೆ ಮುಗಿದ ಮೇಲೆ ಫೋನ್ ಜೇಬಿಗಿಟ್ಟು, ಒಂದ್ಸಲ ಅವರ ಬೆನ್ನು ನೋಡಿ. ಮತ್ತೆ ಸಿಗೋಣ.