ಮ್ಯಾಟರ್‌ಹಾರ್ನಿನ ಹಗ್ಗ

ಸ್ನೇಹಿತರು ಕೂಡಿ ವಿಹಾರಕ್ಕೆ ಹೊರಟು, ಹೋದಷ್ಟು ಮಂದಿ ಹಿಂದಿರುಗದಿದ್ದಾಗ, ಉಳಿದು ಬಂದವರ ಮಾತನ್ನು ಲೋಕ ಅನುಮಾನದಿಂದಲೇ ಕೇಳುತ್ತದೆ. ಪತ್ತೇದಾರಿ ಕಾದಂಬರಿಕಾರರಿಗೆ ಇದು ಬಲು ಪ್ರಿಯವಾದ ವಸ್ತು. ನಾನು ಹೇಳಹೊರಟಿರುವುದು ಮಾತ್ರ ಕಾದಂಬರಿಯಲ್ಲ. 1865ರ ಜುಲೈ 14ರಂದು ಆಲ್ಪ್ಸ್ ಪರ್ವತಗಳಲ್ಲಿ ನಿಜವಾಗಿ ನಡೆದದ್ದು. ಅಲ್ಲಿ ಕೊಲೆಗಾರನಿಲ್ಲ. ಆದರೆ ಮುಚ್ಚಿಟ್ಟ ಮಾತುಗಳಿವೆ, ನಾಲ್ಕು ಸಾವುಗಳಿವೆ.

ಸ್ವಿಟ್ಜರ್ಲೆಂಡಿಗೂ ಇಟಲಿಗೂ ಗಡಿಯಾಗಿ ನಿಂತಿರುವ ಮ್ಯಾಟರ್‌ಹಾರ್ನ್ 4,478 ಮೀಟರ್ ಎತ್ತರದ ಶಿಖರ. ಉತ್ತರಕ್ಕೆ ಜೆರ್ಮಾಟ್ ಎಂಬ ಸ್ವಿಸ್ ಹಳ್ಳಿ, ದಕ್ಷಿಣಕ್ಕೆ ಬ್ರಾಯ್ ಎಂಬ ಇಟಲಿಯ ಹಳ್ಳಿ. ಆ ಕಾಲದ ಇಂಗ್ಲೆಂಡಿನ ವಕೀಲರು, ಪಾದ್ರಿಗಳು, ಪ್ರಾಧ್ಯಾಪಕರು ಬೇಸಿಗೆಯ ರಜೆಯನ್ನು ಆಲ್ಪ್ಸಿನಲ್ಲಿ ಕಳೆಯುವುದು ರೂಢಿಯಾಗಿತ್ತು. ಲಂಡನ್ನಿನಲ್ಲಿ 1857ರಲ್ಲೇ ಆಲ್ಪೈನ್ ಕ್ಲಬ್ ಹುಟ್ಟಿತ್ತು. ದೊಡ್ಡ ಶಿಖರಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಹತ್ತಿಯಾಗಿತ್ತು. ಇದು ಮಾತ್ರ ಇನ್ನೂ ಬಗ್ಗಿರಲಿಲ್ಲ.

ಎಡ್ವರ್ಡ್ ವಿಂಪರ್ ಶ್ರೀಮಂತನೂ ಅಲ್ಲ, ಪಂಡಿತನೂ ಅಲ್ಲ. ಮರದ ಅಚ್ಚುಗಳಲ್ಲಿ ಚಿತ್ರ ಕೊರೆಯುವುದು ಅವನ ಕಸುಬು. ಲಂಡನ್ನಿನ ಪ್ರಕಾಶಕನೊಬ್ಬನಿಗೆ ಚಿತ್ರಗಳನ್ನು ಬರೆದುಕೊಡಲೆಂದು 1860ರಲ್ಲಿ ಆಲ್ಪ್ಸಿಗೆ ಬಂದವನು ಈ ಶಿಖರದ ಮೋಹಕ್ಕೆ ಸಿಕ್ಕಿದ. ಮತ್ತೆ ಮತ್ತೆ ಇಟಲಿಯ ಕಡೆಯಿಂದ ಏರಹೋಗಿ ಸೋತ. ಈ ಪ್ರಯತ್ನಗಳಲ್ಲಿ ಎಷ್ಟೋ ಸಲ ಅವನೊಡನಿದ್ದವನು ಆ ಕಣಿವೆಯ ಝಾನ್ ಆಂತ್ವಾನ್ ಕರೆಲ್. ಹಿಂದೆ ಸೈನಿಕನಾಗಿದ್ದವನು, ಯಾರಿಗೂ ತಲೆಬಾಗದ ಅಭಿಮಾನಿ. ಅವರ ನಡುವೆ ಇದ್ದದ್ದು ಸ್ನೇಹವೋ ಪೈಪೋಟಿಯೋ, ಬಹುಶಃ ಅವರಿಗೂ ತಿಳಿದಿರಲಾರದು.

1865ರ ಜುಲೈ ಎರಡನೆಯ ವಾರದಲ್ಲಿ ಬ್ರಾಯ್‌ಗೆ ಬಂದ ವಿಂಪರನಿಗೆ ಕರೆಲ್ ಒಂದು ಮಾತು ಹೇಳಿದ: ಗಣ್ಯ ಮನೆತನವೊಂದನ್ನು ಕಣಿವೆಯಲ್ಲಿ ಸುತ್ತಾಡಿಸಲು ತಾನು ಒಪ್ಪಿಕೊಂಡಿದ್ದೇನೆ, 11ನೆಯ ತಾರೀಖಿನಿಂದ ತನಗೆ ಬಿಡುವಿಲ್ಲ. ವಿಂಪರ್ ನಂಬಿದ. 11ರ ಬೆಳಗ್ಗೆ ಎದ್ದು ಕೇಳಿದರೆ, ಕರೆಲ್ ಆಳುಗಳೊಡನೆ ಮ್ಯಾಟರ್‌ಹಾರ್ನಿನ ಕಡೆಗೇ ಹೊರಟುಹೋಗಿದ್ದ! ಆ ‘ಗಣ್ಯ ಮನೆತನ’ವೆಂದರೆ ಜೊರ್ದಾನೊ ಎಂಬ ಇಟಲಿಯ ಎಂಜಿನಿಯರು. ಹೊಸದಾಗಿ ಒಂದಾದ ಇಟಲಿಯ ಕೀರ್ತಿಗಾಗಿ ಶಿಖರವನ್ನು ಇಟಲಿಯವರೇ ಏರಬೇಕೆಂದು ಅವನೂ ಅವನ ಮಿತ್ರರೂ ಗುಟ್ಟಾಗಿ ಏರ್ಪಾಟು ಮಾಡಿದ್ದರು. ಕರೆಲ್‌ನನ್ನು ದ್ರೋಹಿಯೆನ್ನಲು ನನಗೆ ಮನಸ್ಸು ಬಾರದು. ಬೆಟ್ಟ ಅವನ ಊರಿನದು. ಆದರೆ ಮುಂದಿನದೆಲ್ಲ ಈ ಒಂದು ಮರೆಮಾತಿನಿಂದ ಹೊರಟಿತು.

ವಿಂಪರ್ ರೋಷದಿಂದ ಜೆರ್ಮಾಟಿಗೆ ಹೊರಟ. ಆಗತಾನೆ ಬ್ರಾಯ್‌ಗೆ ಬಂದಿದ್ದ ಹದಿನೆಂಟರ ತರುಣ ಲಾರ್ಡ್ ಫ್ರಾನ್ಸಿಸ್ ಡಗ್ಲಾಸ್ ಜೊತೆಯಾದ. 12ರಂದು ಜೆರ್ಮಾಟಿಗೆ ಬಂದರೆ, ಚಾರ್ಲ್ಸ್ ಹಡ್ಸನ್ ಎಂಬ ಪಾದ್ರಿಯೂ ಅದೇ ಶಿಖರಕ್ಕೆ ಹೊರಡುವವನಿದ್ದ. ಹಡ್ಸನ್ ಆ ಕಾಲದ ಉತ್ತಮ ಆರೋಹಿಗಳಲ್ಲಿ ಒಬ್ಬ. ಅವನಿಗೆ ಮಾರ್ಗದರ್ಶಿ, ಹೆಸರಾಂತ ಮಿಶೆಲ್ ಕ್ರೋ. ಒಡನಾಡಿ, ಹತ್ತೊಂಬತ್ತರ ಹ್ಯಾಡೋ. ಎರಡು ತಂಡಗಳು ಒಂದೇ ಬೆಟ್ಟದ ಮೇಲೆ ಸ್ಪರ್ಧಿಸುವುದು ಚೆನ್ನಲ್ಲವೆಂದು ಒಂದಾದುವು. ಮೊದಲೇ ಗೊತ್ತುಮಾಡಿದ್ದ ಮುದಿ ಪೀಟರ್ ತೌಗ್ವಾಲ್ಡರ್ ಮತ್ತು ಅದೇ ಹೆಸರಿನ ಅವನ ಮಗ ಸೇರಿ ಏಳು ಜನ. ಒಂದು ರಾತ್ರಿಯಲ್ಲಿ ಕುದುರಿದ ಸ್ನೇಹ ಅದು.

ನನ್ನ ಮನಸ್ಸನ್ನು ಕಾಡುವುದು ಆ ರಾತ್ರಿ. ಹ್ಯಾಡೋಗೆ ಸಾಕಷ್ಟು ಅಭ್ಯಾಸವಿದೆಯೇ ಎಂದು ವಿಂಪರ್ ಕೇಳಿದ. ಅವನು ಮಾಂಟ್ ಬ್ಲಾಂಕ್ ಶಿಖರವನ್ನು ಬಹುಮಂದಿಗಿಂತ ಬೇಗ ಹತ್ತಿ ಇಳಿದಿದ್ದಾನೆ ಎಂದು ಹಡ್ಸನ್ ಹೇಳಿದ. ಮಾತು ಸುಳ್ಳಲ್ಲ. ಆದರೆ ಮಾಂಟ್ ಬ್ಲಾಂಕ್ ಬಹುಮಟ್ಟಿಗೆ ಹಿಮದ ನಡಿಗೆ, ಇದು ಬಂಡೆ. ವಿಂಪರ್ ಇದನ್ನು ಅರಿಯದವನಲ್ಲ. ಇನ್ನೊಂದು ಪ್ರಶ್ನೆ ಕೇಳಬಹುದಾಗಿತ್ತು. ಕೇಳಿದ್ದರೆ ತಂಡ ಒಡೆಯುತ್ತಿತ್ತು, ಮತ್ತೊಂದು ದಿನ ಹೋಗುತ್ತಿತ್ತು, ಅಷ್ಟರಲ್ಲಿ ಕರೆಲ್ ತುದಿ ಮುಟ್ಟುತ್ತಿದ್ದ. ನಮ್ಮ ಭಾಷೆಯಲ್ಲಿ ದಾಕ್ಷಿಣ್ಯವೆಂಬ ಮಾತಿದೆ. ಅವನನ್ನು ತಡೆದದ್ದು ದಾಕ್ಷಿಣ್ಯವೋ, ದಾಕ್ಷಿಣ್ಯದ ವೇಷ ಹಾಕಿದ ಆತುರವೋ!

14ರ ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಶಿಖರ ಸಿಕ್ಕಿತು. ಕರೆಲ್ಲನ ತಂಡ ಇಟಲಿಯ ಕಡೆ ಬಹು ಕೆಳಗೆ ಕಾಣಿಸಿತು. ಇವರು ಕೂಗಿ, ಕಲ್ಲುಗಳನ್ನುರುಳಿಸಿ ತಮ್ಮ ಗೆಲುವನ್ನು ತಿಳಿಯಪಡಿಸಿದರು. ಗೆದ್ದವರು ಇಷ್ಟು ಗದ್ದಲ ಮಾಡಬೇಕಾಗಿರಲಿಲ್ಲವೆಂದು ಓದುವಾಗಲೆಲ್ಲ ನನಗೆ ಅನಿಸುತ್ತದೆ.

ಒಂದು ಗಂಟೆ ಕಳೆದು ಇಳಿಯತೊಡಗಿದರು. ಮುಂದೆ ಕ್ರೋ, ಬಳಿಕ ಹ್ಯಾಡೋ, ಹಡ್ಸನ್, ಡಗ್ಲಾಸ್, ಆಮೇಲೆ ಮುದಿ ಪೀಟರ್. ಚಿತ್ರ ಬರೆಯುತ್ತ ಹಿಂದುಳಿದಿದ್ದ ವಿಂಪರ್ ಪೀಟರನ ಮಗನೊಡನೆ ಕೊನೆಯಲ್ಲಿ ಬಂದು ಸೇರಿಕೊಂಡ. ಕ್ರೋ ತನ್ನ ಹಿಮಗೊಡಲಿಯನ್ನು ಪಕ್ಕಕ್ಕಿಟ್ಟು, ಹ್ಯಾಡೋನ ಪಾದಗಳನ್ನು ಕೈಯಿಂದ ಹಿಡಿದು ಒಂದೊಂದಾಗಿ ಬಂಡೆಯ ಮೇಲೆ ಊರಿಸುತ್ತಿದ್ದ. ಕ್ರೋ ಮುಂದಿನ ಹೆಜ್ಜೆಗೆ ತಿರುಗುವಷ್ಟರಲ್ಲಿ ಹ್ಯಾಡೋ ಜಾರಿ ಅವನ ಮೇಲೆ ಬಿದ್ದ. ಹಡ್ಸನ್ನನನ್ನೂ ಡಗ್ಲಾಸನನ್ನೂ ಹಗ್ಗ ಎಳೆಯಿತು. ಮೇಲಿನ ಮೂವರು ಬಂಡೆಯನ್ನಪ್ಪಿ ನಿಂತರು. ಡಗ್ಲಾಸನಿಗೂ ಪೀಟರನಿಗೂ ನಡುವೆ ಹಗ್ಗ ತುಂಡಾಯಿತು. ನಾಲ್ವರೂ ಸುಮಾರು 4,000 ಅಡಿ ಕೆಳಗಿನ ಹಿಮನದಿಗೆ ಬಿದ್ದರು. ಡಗ್ಲಾಸನ ದೇಹ ಸಿಗಲೇ ಇಲ್ಲ.

ಪೀಟರ್ ತನ್ನ ಜೀವ ಉಳಿಸಿಕೊಳ್ಳಲು ಹಗ್ಗ ಕತ್ತರಿಸಿದನೆಂದು ಅವನ ಊರಿನವರೇ ಆಡಿಕೊಂಡರು. ಜೆರ್ಮಾಟಿನಲ್ಲಿ ವಿಚಾರಣೆ ನಡೆದು, ಯಾರ ತಪ್ಪೂ ಇಲ್ಲವೆಂದು ತೀರ್ಮಾನವಾಯಿತು. ಆದರೆ ಅಲ್ಲಿನ ಸಾಕ್ಷ್ಯಗಳು ದಶಕಗಳವರೆಗೆ ಹೊರಬರಲಿಲ್ಲ. ತುಂಡಾದದ್ದು ತಂಡದಲ್ಲಿದ್ದ ಮೂರು ಬಗೆಯ ಹಗ್ಗಗಳಲ್ಲಿ ಅತ್ಯಂತ ತೆಳುವಾದದ್ದು. ವಿಂಪರ್ 1871ರ ತನ್ನ ಗ್ರಂಥದಲ್ಲಿ, ಪೀಟರ್ ಹಗ್ಗ ಕತ್ತರಿಸಲಿಲ್ಲವೆಂದು ಸ್ಪಷ್ಟವಾಗಿ ಬರೆದ. ಆದರೆ ಒಳ್ಳೆಯ ಹಗ್ಗಗಳಿರುವಾಗ ದುರ್ಬಲವಾದುದನ್ನೇ ಏಕೆ ಕಟ್ಟಿದನೆಂಬ ಸಂದೇಹವನ್ನೂ ಅದೇ ಗ್ರಂಥದಲ್ಲಿ ಬಿತ್ತಿದ. ಹಗ್ಗಗಳನ್ನು ತಂದವನು ವಿಂಪರನೇ ಎಂಬುದನ್ನು ನಾವು ಮರೆಯಬಾರದು.

ವಿಂಪರನಿಗೆ ಲೇಖನಿ ಇತ್ತು, ಚಿತ್ರ ಕೊರೆಯುವ ಉಳಿ ಇತ್ತು. ಪೀಟರನಿಗೆ ಎರಡೂ ಇರಲಿಲ್ಲ. ಅಪಘಾತದ ಮೇಲೆ ತಂದೆಮಕ್ಕಳು ಹೆದರಿ ಅತ್ತರು, ನಡುಗಿದರು ಎಂದು ವಿಂಪರ್ ಬರೆದ. ಮಗ ಬಹುಕಾಲದ ಮೇಲೆ ಹೇಳಿದ ವೃತ್ತಾಂತದಲ್ಲಿ ನಡುಗುತ್ತಿದ್ದವನು ವಿಂಪರ್. ಓದಿದವರು ಮೊದಲನೆಯದನ್ನೇ ಓದಿದರು. ಮುದಿ ಪೀಟರ್ ಊರಿನ ಮಾತು ತಾಳಲಾರದೆ ಕೆಲಕಾಲ ಅಮೆರಿಕಕ್ಕೆ ಹೋಗಿದ್ದು, ಮರಳಿ ಬಂದು 1888ರಲ್ಲಿ ತೀರಿಕೊಂಡ.

ಕರೆಲ್ ಆ ದುರಂತ ನಡೆದ ಮೂರನೆಯ ದಿನ ಇಟಲಿಯ ಕಡೆಯಿಂದ ಶಿಖರ ಮುಟ್ಟಿದ. ಬೆರಗಿನ ಸಂಗತಿಯೆಂದರೆ, 1880ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಶಿಖರವನ್ನು ವಿಂಪರ್ ಮೊದಲ ಬಾರಿಗೆ ಏರಿದಾಗ ಅವನ ಜೊತೆಗಿದ್ದವನು ಇದೇ ಕರೆಲ್. ಆ ದೂರದ ದೇಶದಲ್ಲಿ, ಗುಡಾರದೊಳಗೆ ಚಳಿಯಲ್ಲಿ ಕುಳಿತಾಗ, ಆ ‘ಗಣ್ಯ ಮನೆತನ’ದ ಪ್ರಸ್ತಾಪ ಅವರಲ್ಲಿ ಯಾರಾದರೂ ಎತ್ತಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹತ್ತು ವರ್ಷಗಳ ಬಳಿಕ, 1890ರಲ್ಲಿ, ಮ್ಯಾಟರ್‌ಹಾರ್ನಿನ ಮೇಲೆ ಹಿಮಗಾಳಿಗೆ ಸಿಕ್ಕಿದ ಕರೆಲ್, ತನ್ನನ್ನು ನಂಬಿ ಬಂದವನನ್ನು ಅಪಾಯದಿಂದ ಪಾರುಮಾಡಿ ಕೆಳಗಿಳಿಸಿ, ತಾನು ಅಲ್ಲಿಯೇ ಪ್ರಾಣಬಿಟ್ಟ. ಆ ತುಂಡು ಹಗ್ಗ ಜೆರ್ಮಾಟಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇದೆ.