ಮನೆಯ ಧ್ವನಿಭಂಡಾರ

ಗ್ರಾಮಫೋನಿನ ತಟ್ಟೆ, ಸ್ಪೂಲು, ಕ್ಯಾಸೆಟ್ಟು, ಸಿ.ಡಿ. ಇಷ್ಟನ್ನೂ ಒಂದೇ ಜೀವಮಾನದಲ್ಲಿ ಕಂಡ ತಲೆಮಾರು ನಮ್ಮದು. ಒಂದೊಂದು ಬಂದಾಗಲೂ ಇದೇ ಶಾಶ್ವತವೆಂದು ನಂಬಿದೆವು. ಈಗ ಅವೆಲ್ಲವೂ ಎಷ್ಟೋ ಮನೆಗಳ ಅಟ್ಟದ ಮೇಲೆ ಒಟ್ಟಿಗೆ ಕುಳಿತಿವೆ. ನನ್ನಂತಹ ಕೆಲವರು ಅವನ್ನು ಕೆಳಗಿಳಿಸಿ, ಅವುಗಳೊಳಗಿನ ಧ್ವನಿಯನ್ನು ಹಾರ್ಡ್ ಡಿಸ್ಕಿಗೆ ತುಂಬುವ ಕೆಲಸಕ್ಕೆ ಕೈಹಾಕಿದ್ದೇವೆ. ಆ ಕೆಲಸದಲ್ಲಿ ಕಲಿತದ್ದು ಕೆಲವು, ಕಳೆದುಕೊಂಡದ್ದು ಕೆಲವು.

ಕ್ಯಾಸೆಟ್ಟಿಗೆ ಅವಸರವೆಂಬುದು ತಿಳಿಯದು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ನಡುವೆ ಒಮ್ಮೆ ಎದ್ದು ಮಗ್ಗುಲು ತಿರುಗಿಸಲೂ ಬೇಕು. ಬಹುಕಾಲ ಸುತ್ತಿಕೊಂಡೇ ಬಿದ್ದಿದ್ದ ಟೇಪಿನಲ್ಲಿ ಒಂದು ಸುತ್ತಿನ ಕಾಂತತ್ವವು ಪಕ್ಕದ ಸುತ್ತಿಗೆ ಅಂಟಿಕೊಂಡು, ಹಾಡು ತೊಡಗುವ ಮುನ್ನವೇ ಅದರ ನೆರಳು ಕ್ಷೀಣವಾಗಿ ಕೇಳಿಸುವುದುಂಟು. ಸಿ.ಡಿ.ಯ ಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಒಂದು ಗಂಟೆಯ ಸ್ಟೀರಿಯೋ ಸಂಗೀತಕ್ಕೆ ಇದು ಸುಮಾರು 635 ಮೆಗಾಬೈಟ್. ಎಂ.ಪಿ.3 ಪದ್ಧತಿಯು ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಟ್ಟು ಅದನ್ನು ಬಹಳ ಚಿಕ್ಕದಾಗಿಸುತ್ತದೆ. ಬಿಟ್ಟದ್ದು ಮರಳಿ ಬಾರದು. ಫ್ಲ್ಯಾಕ್ ಎಂಬ ಪದ್ಧತಿ ಏನನ್ನೂ ಬಿಡದೆಯೇ ಹೆಚ್ಚುಕಡಿಮೆ ಅರ್ಧಕ್ಕೆ ಮಡಿಸುತ್ತದೆ. ಮೂಲವಾಗಿ ಇಟ್ಟುಕೊಳ್ಳಲು ಅದೇ ಯೋಗ್ಯ.

ಇಳಿಸಿಕೊಂಡ ಮೇಲೆ ಹೆಸರಿಡಬೇಕು. ಈ ಕೆಲಸದಲ್ಲಿ ಎಲ್ಲರೂ ಸೋಮಾರಿಗಳು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯ ಮುದ್ರಣ ನಡೆಯಿತು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಬೇಕಾಗಿತ್ತು. 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡ ಆ ಮಹಾಗಾಯಕಿಯ ಕಂಠ ಇಂದಿಗೂ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದೆ. ನನ್ನ ಡಿಸ್ಕಿನಲ್ಲಾದರೋ 'ಹೊಸದು 3', 'ಅತ್ತೆ ಹಾಡು ಎರಡನೆಯದು' ಎಂಬಂತಹ ಹೆಸರುಗಳಿವೆ. ಯಾವ ಅತ್ತೆ ಎಂದು ಹೇಳಬಲ್ಲವರು ಈಗ ಮನೆಯಲ್ಲಿಲ್ಲ.

ಇನ್ನು ಕಳೆದುಕೊಂಡದ್ದರ ಮಾತು. ನಮ್ಮ ತಂದೆಯವರು ಶಿವಮೊಗ್ಗದಲ್ಲಿ ಸಂಜೆಯ ಹೊತ್ತು ಕುಮಾರವ್ಯಾಸ ಭಾರತದ ಗಮಕವಾಚನ ಮಾಡುತ್ತಿದ್ದರು. ಅದರ ಹನ್ನೊಂದು ಕ್ಯಾಸೆಟ್ಟುಗಳಿದ್ದವು. ಎಲ್ಲವನ್ನೂ ಡಿಸ್ಕಿಗೆ ಇಳಿಸಿ, ಇನ್ನು ಇವೇತಕ್ಕೆಂದು ಕ್ಯಾಸೆಟ್ಟುಗಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟೆ. ಒಂದು ಮಳೆಗಾಲದ ಬೆಳಗ್ಗೆ ಡಿಸ್ಕು ಟಿಕ್ ಟಿಕ್ ಎಂದು ಸದ್ದುಮಾಡಿ ಸುಮ್ಮನಾಯಿತು. ಧಾರವಾಡದ ತಂಗಿ ಹಿಂದಿನ ರಜೆಯಲ್ಲಿ ಬಂದಿದ್ದಾಗ ತನಗೂ ಇರಲೆಂದು ಪ್ರತಿಮಾಡಿಕೊಂಡು ಹೋಗಿದ್ದಳು. ಆಗ ಇಳಿಸಿ ಮುಗಿದಿದ್ದುದು ಒಂಬತ್ತು. ಉಳಿದೆರಡರಲ್ಲಿ ಕರ್ಣನ ಭೇದನದ ಭಾಗವಿತ್ತು. ಅದು ಹೋಯಿತು.

ಟೇಪಿನಿಂದ ಟೇಪಿಗೆ ಪ್ರತಿಮಾಡಿದರೆ ಪ್ರತಿ ಸಲವೂ ಒಂದಿಷ್ಟು ಬುಸುಗುಟ್ಟುವಿಕೆ ಸೇರುತ್ತಿತ್ತು. ತಾಳೆಗರಿಯ ಲಿಪಿಕಾರನ ಕೈತಪ್ಪುಗಳಂತೆ. ಹಾಗಾಗಿ ಮೂಲವನ್ನು ಯಾರ ಕೈಗೂ ಕೊಡದೆ ಬಚ್ಚಿಡುವುದು ನಮಗೆ ಅಭ್ಯಾಸವಾಗಿತ್ತು. ಅಂಕಿಗಳ ಪ್ರತಿ ಮೂಲಕ್ಕೆ ಸರಿಸಮ. ಆದರೂ ಹಳೆಯ ಜಿಪುಣತನ ನಮ್ಮನ್ನು ಬಿಟ್ಟಿಲ್ಲ. ಬಲ್ಲವರು ಹೇಳುವ ಲೆಕ್ಕ ಹೀಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳನ್ನಿಟ್ಟು ಒಂದಕ್ಕೊಂದು ಕನ್ನಡಿಯಾಗಿಸುವ ರೇಡ್ ವ್ಯವಸ್ಥೆಯುಂಟು. ಒಂದು ಡಿಸ್ಕು ಕೆಟ್ಟರೆ ಅದು ಕಾಯುತ್ತದೆ. ಆದರೆ ಮೊಮ್ಮಗ ಅರಿಯದೆ ಅಳಿಸಿದ್ದನ್ನು ಎರಡರಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಸಿಡಿಲು, ಕಳ್ಳ, ಸೋರುವ ಹೆಂಚು ಇವಕ್ಕೂ ಎರಡು ಡಿಸ್ಕುಗಳ ನಡುವೆ ಭೇದವಿಲ್ಲ.

ಈಗ ನಮ್ಮ ಮನೆಯ ಮೂಲೆಯಲ್ಲಿ ಒಂದು ಪುಟ್ಟ ಕಂಪ್ಯೂಟರು ಹಗಲಿರುಳು ಎಚ್ಚರವಾಗಿದೆ. ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶದ ಮೂಲಕ ವೈ-ಫೈ ಇರುವಲ್ಲೆಲ್ಲ, ಅಡುಗೆಮನೆಯ ಫೋನಿಗೂ ನಡುಮನೆಯ ಟಿ.ವಿ.ಗೂ, ಬೇಕಾದ ಹಾಡನ್ನು ಹರಿಸುತ್ತದೆ. ತಿಂಗಳಿಗಿಷ್ಟು ಹಣ ಕೊಟ್ಟರೆ ಕೋಟಿ ಹಾಡುಗಳು ಸಿಗುವಾಗ ಈ ಪಾಡೇಕೆಂದು ಮಗ ಕೇಳುತ್ತಾನೆ. ಸಿಗುತ್ತವೆ, ನಿಜ. ಒಪ್ಪಂದ ಮುಗಿದೊಡನೆ ಅವು ಕಾಣೆಯಾಗುವುದೂ ಉಂಟು. ಅವನ ಅಜ್ಜನ ಗಮಕವಂತೂ ಆ ಕೋಟಿಯಲ್ಲಿ ಸೇರಿಲ್ಲ.

ಪ್ರತಿ ದಸರೆಗೆ ಒಂದು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಧಾರವಾಡಕ್ಕೆ ಹೋಗಿ ತಂಗಿಗೆ ಕೊಟ್ಟು, ಹಿಂದಿನ ವರ್ಷದ್ದನ್ನು ತರುತ್ತೇನೆ. ಕಡತಗಳು ಕೆಟ್ಟಿಲ್ಲವೆಂದು ಚೆಕ್‌ಸಮ್ ಎಂಬ ಲೆಕ್ಕದಿಂದ ತಾಳೆನೋಡುವುದು ಕಂಪ್ಯೂಟರಿನ ಪಾಲು. ಒಂದೆರಡನ್ನು ಕುಳಿತು ಕೇಳುವುದು ನಮ್ಮಿಬ್ಬರ ಪಾಲು. ಅಮ್ಮನ ಸೋಬಾನೆ ಪದಗಳ ಏಳು ಕ್ಯಾಸೆಟ್ಟುಗಳನ್ನು ಇಳಿಸುವುದು ಇನ್ನೂ ಬಾಕಿಯಿದೆ. ಪ್ಲೇಯರಿನ ಬೆಲ್ಟು ಸಡಿಲಾಗಿದೆ. ರಿಪೇರಿ ಬಲ್ಲವರೊಬ್ಬರು ಭದ್ರಾವತಿಯಲ್ಲಿದ್ದಾರೆಂದು ಕೇಳಿದ್ದೇನೆ. ಈ ವಾರ ಹೋಗಿಬರಬೇಕು.