ಗುಡಿಸಲಿಗೆ ಬಿದ್ದ ಓಟು ಎಲ್ಲಿಗೆ ಹೋಯಿತು?

(ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗದಲ್ಲಿ ಸೇರಿದ್ದ ಹೋಬಳಿ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಗಿರಣಿ ಕಾರ್ಮಿಕ ಬಂಧುಗಳೇ, ಸಂಜೆಯ ವ್ಯಾಪಾರ ಬಿಟ್ಟು ಬಂದಿರುವ ಅಂಗಡಿಯ ಮಿತ್ರರೇ, ತಾಯಂದಿರೇ,

ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಚರಿತ್ರೆಯನ್ನು ಹೇಳಬೇಕೆಂದು ಈ ಹೋಬಳಿಯ ಸಂಗಾತಿಗಳು ಕೇಳಿದ್ದಾರೆ. ಚರಿತ್ರೆ ಎಂದ ಕೂಡಲೆ ನಮಗೆ ಮದಕರಿ ನಾಯಕನ ಕೋಟೆ ನೆನಪಾಗುತ್ತದೆ, ಓಬವ್ವನ ಒನಕೆ ನೆನಪಾಗುತ್ತದೆ. ಆದರೆ ನಮ್ಮ ಕೈಯಾರೆ ನಾವೇ ಮಾಡಿದ ಚರಿತ್ರೆಯೊಂದಿದೆ. ಅದು ಐದು ವರ್ಷಕ್ಕೊಮ್ಮೆ ಶಾಲೆಯ ಕೋಣೆಯಲ್ಲಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮಾಡಿದ ಚರಿತ್ರೆ. ಅದನ್ನು ಮಾತ್ರ ನಾವು ಮರೆತಿದ್ದೇವೆ.

ನಾನು ಮೇಷ್ಟ್ರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದವನು. ಕೆಲಸ ಬಿಟ್ಟರೂ ಹಾಜರಿ ಕರೆಯುವ ಅಭ್ಯಾಸ ಬಿಟ್ಟಿಲ್ಲ. ಆದ್ದರಿಂದ ಇಂದು ನಿಮ್ಮ ಮುಂದೆ ನಮ್ಮ ಪಾರ್ಲಿಮೆಂಟ್ ಸದಸ್ಯರ ಹಾಜರಿಯನ್ನೇ ಕರೆಯುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ನಮ್ಮ ದೇಶಕ್ಕೇ ಅದು ಹೊಸದು, ಹೆಮ್ಮೆಯ ಸಂಗತಿ. ಆದರೆ ಆ ಸಭೆಗೆ ಬಂದವರು ಜಮೀನುಳ್ಳವರು ಮತ್ತು ದೊಡ್ಡ ವರ್ತಕರು. ಮುಂದೆ ಓಟು ಬಂದಾಗಲೂ ಕಂದಾಯ ಕಟ್ಟುವ ಯೋಗ್ಯತೆಯನ್ನು ನೋಡಿ ಕೊಟ್ಟರು. ಕೂಲಿಯವನಿಗೆ, ಹಮಾಲಿಗೆ, ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವವಳಿಗೆ ಅಲ್ಲಿ ಹೆಸರಿರಲಿಲ್ಲ. 1951-52ರ ಮೊದಲ ಮಹಾ ಚುನಾವಣೆಯಲ್ಲಿ ಮಾತ್ರ, 21 ವರ್ಷ ತುಂಬಿದ ಪ್ರತಿಯೊಬ್ಬನಿಗೂ ಪ್ರತಿಯೊಬ್ಬಳಿಗೂ ಒಂದು ಓಟು ಬಂತು. ಗಿರಣಿಯ ಮಾಲೀಕನಿಗೂ ಒಂದೇ, ಗಿರಣಿಯ ಕೂಲಿಯವನಿಗೂ ಒಂದೇ. ನಮ್ಮ ಕ್ಷೇತ್ರದ ಚರಿತ್ರೆ ಶುರುವಾಗುವುದು ಅಲ್ಲಿಂದ.

ಆ ಮೊದಲ ಚುನಾವಣೆಯಲ್ಲಿ ಗೆದ್ದವರು ಕಾಂಗ್ರೆಸ್ಸಿನ ಎಸ್. ನಿಜಲಿಂಗಪ್ಪನವರು. ದುರ್ಗದಲ್ಲಿ ವಕೀಲರಾಗಿದ್ದವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಕರ್ನಾಟಕದ ಏಕೀಕರಣಕ್ಕಾಗಿ ದುಡಿದವರು. ಅವರ ಪಕ್ಷ ನಮ್ಮದಲ್ಲ, ಆದರೂ ಅವರ ದೊಡ್ಡತನವನ್ನು ಒಪ್ಪಬೇಕು. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯವಾದಾಗ ಅವರೇ ಮುಖ್ಯಮಂತ್ರಿಯಾದರು.

ಇನ್ನು 1957. ಬಂಧುಗಳೇ, ಈ ಇಸವಿಯನ್ನು ನೀವು ಚೆನ್ನಾಗಿ ನೆನಪಿಡಬೇಕು. ಆಗ ಇಂದಿನ ಹಾಗೆ ಯಂತ್ರವಿರಲಿಲ್ಲ. ಚೀಟಿಯ ಮೇಲೆ ಮುದ್ರೆ ಒತ್ತುವುದೂ ಇನ್ನೂ ಬಂದಿರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಮತದಾರ ಮರೆಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲೆ ನೊಗ ಹೊತ್ತ ಜೋಡೆತ್ತು, ಪ್ರಜಾ ಸೋಷಲಿಸ್ಟ್ ಪಕ್ಷದ ಪೆಟ್ಟಿಗೆಯ ಮೇಲೆ ಗುಡಿಸಲು. ಸ್ವಾತಂತ್ರ್ಯ ಬಂದು ಹತ್ತೇ ವರ್ಷ, ನೆಹರೂ ಅವರ ಹೆಸರು ಮನೆಮನೆಯಲ್ಲಿ. ರಾಜ್ಯದ 26 ಲೋಕಸಭಾ ಸ್ಥಾನಗಳಲ್ಲಿ 23 ಜೋಡೆತ್ತಿನ ಪಾಲಾದವು. ಇಡೀ ರಾಜ್ಯದಲ್ಲಿ ಗುಡಿಸಲು ಗೆದ್ದದ್ದು ಒಂದೇ ಒಂದು ಕಡೆ. ಅದು ನಮ್ಮ ಚಿತ್ರದುರ್ಗ! ಗೆದ್ದವರು ಜಗಳೂರಿನ ಜೆ. ಮಹಮದ್ ಇಮಾಂ ಅವರು. ಒಬ್ಬ ಮುಸಲ್ಮಾನ ಉಮೇದುವಾರನನ್ನು ಈ ಕಪ್ಪುಮಣ್ಣಿನ, ಕೆಂಪುಮಣ್ಣಿನ ನಾಡಿನ ಲಿಂಗಾಯತರು, ಬೇಡರು, ಗೊಲ್ಲರು, ದಲಿತರು, ಕುರುಬರು ಸೇರಿ ದಿಲ್ಲಿಗೆ ಕಳುಹಿಸಿದರು. ಇಂದು ಜಾತಿಯ ಲೆಕ್ಕ ಹಾಕದೆ ಒಂದು ವಾರ್ಡಿನ ಟಿಕೆಟ್ಟನ್ನೂ ಕೊಡದ ಪಕ್ಷಗಳಿಗೆ ನಮ್ಮ ಅಜ್ಜಂದಿರು ಅಂದೇ ಉತ್ತರ ಕೊಟ್ಟಿದ್ದಾರೆ.

1962ರ ಲೋಕಸಭೆಗೆ ಕಾಂಗ್ರೆಸ್ಸಿನ ಎಸ್. ವೀರಬಸಪ್ಪನವರು ಗೆದ್ದರು. ಆದರೆ ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಪಕ್ಕದ ಹೊಸದುರ್ಗದಲ್ಲಿ ಏನಾಯಿತು? ನಿಜಲಿಂಗಪ್ಪನವರಂಥ ನಾಯಕರನ್ನು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರು ಸೋಲಿಸಿದರು. ರಾಜ್ಯವೇ ಬೆರಗಾಯಿತು. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು ದೂರದ ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಆರಿಸಿ ಬಂದು ಮತ್ತೆ ಅಧಿಕಾರ ವಹಿಸಿಕೊಂಡರು.

ಐದು ವರ್ಷದ ಅಂತರದಲ್ಲಿ ಎರಡು ಸಲ ಇಂಥ ಕೆಲಸ ಮಾಡಿದ ನಾಡು ನಮ್ಮದು. ಹಾಗಾದರೆ ಆ ಬಲ ಎಲ್ಲಿ ಹೋಯಿತು? ಇಂದಿನ ಸಭೆಯ ಪ್ರಶ್ನೆ ಇದೇ.

1967ರಲ್ಲಿ ಇಮಾಂ ಸಾಹೇಬರು ಮತ್ತೆ ಗೆದ್ದರು. ಆದರೆ ಗುಡಿಸಲಿನ ಮೇಲೆ ಅಲ್ಲ, ನಕ್ಷತ್ರದ ಮೇಲೆ. ನಕ್ಷತ್ರ ಎಂದರೆ ಸ್ವತಂತ್ರ ಪಕ್ಷ, ರಾಜಾಜಿಯವರ ಪಕ್ಷ. ಬ್ಯಾಂಕು ರಾಷ್ಟ್ರದ್ದಾಗಬಾರದು, ಭೂಮಿಗೆ ಮಿತಿ ಬೇಡ, ವ್ಯಾಪಾರ ದೊಡ್ಡ ಬಂಡವಾಳಗಾರರ ಕೈಯಲ್ಲಿ ನಿರಾತಂಕವಾಗಿರಲಿ ಎನ್ನುವವರ ಪಕ್ಷ. ಗುಡಿಸಲಿಗೂ ನಕ್ಷತ್ರಕ್ಕೂ ಇರುವ ದೂರ ಭೂಮಿಗೂ ಆಕಾಶಕ್ಕೂ ಇರುವಷ್ಟೇ! ಆದರೂ ಜನ ಅದೇ ಮನುಷ್ಯನಿಗೆ ಓಟು ಕೊಟ್ಟರು. ಇಮಾಂ ಅವರನ್ನು ದೂಷಿಸಲು ಈ ಮಾತು ಹೇಳುತ್ತಿಲ್ಲ. ಜನರನ್ನು ದೂಷಿಸುವುದು ಇನ್ನೂ ದೊಡ್ಡ ತಪ್ಪು. ತಪ್ಪು ನಮ್ಮದು. ಹತ್ತು ವರ್ಷದಲ್ಲಿ ನಾವು ಮನುಷ್ಯನ ಹೆಸರನ್ನು ಜನರ ಬಾಯಲ್ಲಿ ಉಳಿಸಿದೆವು, ಗುಡಿಸಲಿನ ಅರ್ಥವನ್ನು ಉಳಿಸಲಿಲ್ಲ. ಈ ನಡುವೆ ದಿಲ್ಲಿಯಲ್ಲಿ ನಮ್ಮ ನಾಯಕರು ಒಡೆಯುವುದರಲ್ಲಿ, ಕೂಡುವುದರಲ್ಲಿ ಕಾಲ ಕಳೆದರು. 1952ರಲ್ಲಿ ಕೂಡಿದರು, 1955ರಲ್ಲಿ ಲೋಹಿಯಾ ಅವರು ಹೊರಗೆ ಬಂದರು, 1964ರಲ್ಲಿ ಕೂಡಿದರು, ಮತ್ತೆ ಬೇರೆಯಾದರು. ಹಳ್ಳಿಯ ಮತದಾರ ಯಾವ ಗುರುತನ್ನು ನೆನಪಿಟ್ಟುಕೊಳ್ಳಬೇಕು?

ಮುಂದಿನ ಹಾಜರಿಯನ್ನು ಬೇಗ ಕರೆಯುತ್ತೇನೆ. 1971ರಲ್ಲಿ ಹಸು ಕರುವಿನ ಗುರುತಿನ ಮೇಲೆ ಕೊಂಡಜ್ಜಿ ಬಸಪ್ಪನವರು. ಆಗ ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹೋಯಿತು. 1977 ಮತ್ತು 1980ರಲ್ಲಿ ಕೆ. ಮಲ್ಲಣ್ಣನವರು. 1984ರಲ್ಲಿ ವಿಧಾನಸಭೆಯ ಸ್ಪೀಕರ್ ಆಗಿದ್ದ ಕೆ.ಎಚ್. ರಂಗನಾಥ್ ಅವರು. 1989, 1991 ಮತ್ತು 1998ರಲ್ಲಿ ಸಿ.ಪಿ. ಮೂಡಲಗಿರಿಯಪ್ಪನವರು. ಇವರೆಲ್ಲ ಕಾಂಗ್ರೆಸ್ಸಿನವರು. ನಡುವೆ 1996ರಲ್ಲಿ ಜನತಾದಳದ ಪಿ. ಕೋದಂಡರಾಮಯ್ಯನವರು, 1999ರಲ್ಲಿ ಸಂಯುಕ್ತ ಜನತಾದಳದಿಂದ ಚಿತ್ರನಟ ಶಶಿಕುಮಾರ್ ಅವರು. 2004ರಲ್ಲಿ ಕಾಂಗ್ರೆಸ್ಸಿನ ಎನ್.ವೈ. ಹನುಮಂತಪ್ಪನವರು, 2009ರಲ್ಲಿ ಭಾರತೀಯ ಜನತಾ ಪಕ್ಷದ ಜನಾರ್ದನಸ್ವಾಮಿಯವರು, 2014ರಲ್ಲಿ ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪನವರು, 2019ರಲ್ಲಿ ಭಾಜಪದ ಎ. ನಾರಾಯಣಸ್ವಾಮಿಯವರು, 2024ರಲ್ಲಿ ಅದೇ ಪಕ್ಷದ ಗೋವಿಂದ ಕಾರಜೋಳರು. ಕಾರಜೋಳರು ಬಾಗಲಕೋಟೆ ಜಿಲ್ಲೆಯ ಮುಧೋಳದವರು. 1962ರಲ್ಲಿ ನಮ್ಮವರು ಬಾಗಲಕೋಟೆಗೆ ಹೋಗಿ ಗೆದ್ದರು, 2024ರಲ್ಲಿ ಬಾಗಲಕೋಟೆಯವರು ಇಲ್ಲಿಗೆ ಬಂದು ಗೆದ್ದರು. ಸಾಲ ತೀರಿತು ಎನ್ನೋಣ.

ಒಟ್ಟು 18 ಮಹಾ ಚುನಾವಣೆ. ಕಾಂಗ್ರೆಸ್ಸಿಗೆ 11, ಭಾಜಪಕ್ಕೆ 3, ಉಳಿದ 4 ಬೇರೆ ಬೇರೆ ಪಕ್ಷಗಳಿಗೆ. ಹಾಜರಿ ಪುಸ್ತಕ ಮುಚ್ಚುವ ಮೊದಲು ಇನ್ನೊಂದು ಸಲ ನೋಡಿ. ಹದಿನೆಂಟು ಸಲವೂ ಗಂಡಸರ ಹೆಸರೇ. ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಓಬವ್ವನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವೆಲ್ಲರೂ ತಲೆ ತಗ್ಗಿಸಬೇಕಾದ ವಿಷಯವಿದು, ನಮ್ಮ ಪಕ್ಷವೂ ಸೇರಿ.

ಕ್ಷೇತ್ರದ ಗೆರೆಯೂ ನಿಂತಲ್ಲಿ ನಿಂತಿಲ್ಲ. 1971ರಲ್ಲಿ ಇಲ್ಲಿಂದ ಗೆದ್ದ ಕೊಂಡಜ್ಜಿ ಬಸಪ್ಪನವರು 1977ರಲ್ಲಿ ಹೊಸದಾಗಿ ಆದ ದಾವಣಗೆರೆ ಕ್ಷೇತ್ರದಿಂದ ಗೆದ್ದರು. ಬಟ್ಟೆ ಗಿರಣಿಗಳ ದಾವಣಗೆರೆಯ ಕಾರ್ಮಿಕರ ಓಟು ಹಾಗೆ ಬೇರೆಯಾಯಿತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆಯನ್ನು ಬೇರೆ ಜಿಲ್ಲೆಯನ್ನಾಗಿಯೂ ಮಾಡಿತು. ಇಮಾಂ ಅವರ ಜಗಳೂರು ಇಂದು ದಾವಣಗೆರೆ ಕ್ಷೇತ್ರದಲ್ಲಿದೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ವಿಂಗಡಣೆಯ ಪ್ರಕಾರ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಈ ಆರರ ಜೊತೆಗೆ ತುಮಕೂರು ಜಿಲ್ಲೆಯ ಸಿರಾ ಮತ್ತು ಪಾವಗಡ ನಮ್ಮ ಕ್ಷೇತ್ರಕ್ಕೆ ಸೇರಿವೆ. ಬಿ.ದುರ್ಗದ ಗಿರಣಿಯವನೂ ಪಾವಗಡದ ಶೇಂಗಾ ರೈತನೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೆ ಇಬ್ಬರೂ ಸೇರಿ ಒಬ್ಬನನ್ನು ದಿಲ್ಲಿಗೆ ಕಳುಹಿಸಬೇಕು.

ಅದೇ ವಿಂಗಡಣೆಯಲ್ಲಿ ನಮ್ಮ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ‘ಕ್ಷೇತ್ರ ನಮ್ಮ ಕೈಬಿಟ್ಟು ಹೋಯಿತು’ ಎಂದು ಕಟ್ಟೆಯ ಮೇಲೆ ಕುಳಿತು ಗೊಣಗುವವರು ಇದ್ದಾರೆ. ಯಾರ ಕೈ ಬಿಟ್ಟಿತು ಸ್ವಾಮಿ? ಓಟು ಎಲ್ಲರದೂ ಹಾಗೆಯೇ ಇದೆ. ಮೀಸಲಾತಿ ಏಕೆ ಬೇಕು ಎನ್ನುವವರು 2019ರ ಸೆಪ್ಟೆಂಬರ್ ತಿಂಗಳನ್ನು ನೆನೆಯಲಿ. ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ನಮ್ಮ ಪಾರ್ಲಿಮೆಂಟ್ ಸದಸ್ಯರು ಹೋದರು. ಲಕ್ಷಾಂತರ ಜನ ಆರಿಸಿದ ಆ ಸದಸ್ಯರನ್ನು, ದಲಿತರೆಂಬ ಕಾರಣಕ್ಕೆ, ಹಟ್ಟಿಯ ಬಾಗಿಲಲ್ಲೇ ತಡೆದರು. ಅವರು ಹೊರಗಿನಿಂದಲೇ ಹಿಂದಿರುಗಿದರು. ಅವರ ಪಕ್ಷದ ಜೊತೆ ನಮಗೆ ನೂರು ಜಗಳವಿರಲಿ, ಅಂದು ಆದ ಅವಮಾನ ಇಡೀ ಕ್ಷೇತ್ರಕ್ಕೆ ಆದದ್ದು. ತಡೆದವರೂ ಬಡವರೇ, ಸೌಕರ್ಯವಿಲ್ಲದ ಹಟ್ಟಿಯವರೇ ಎಂಬುದು ಇನ್ನೂ ನೋವಿನ ಮಾತು. ದಿಲ್ಲಿಯ ಬಾಗಿಲನ್ನು ಕಾಯಿದೆ ತೆರೆಯಬಲ್ಲುದು, ಹಟ್ಟಿಯ ಬಾಗಿಲನ್ನು ತೆರೆಯುವುದು ನಮ್ಮ ನಿಮ್ಮ ಕೆಲಸ.

ಮನುಷ್ಯನಿಗೆ ಓಟೋ, ಪಕ್ಷಕ್ಕೆ ಓಟೋ? ಇಮಾಂ ಅವರ ಎರಡು ಗೆಲುವುಗಳು ಎತ್ತುವ ಪ್ರಶ್ನೆ ಇದು. ಇದನ್ನು ಬೇರೆ ದೇಶದವರೂ ಎದುರಿಸಿದ್ದಾರೆ. ಪಶ್ಚಿಮ ಜರ್ಮನಿಯಲ್ಲಿ 1949ರ ಚುನಾವಣೆಯಲ್ಲಿ ಮತದಾರನಿಗೆ ಒಂದೇ ಓಟು ಇತ್ತು. 1953ರಿಂದ ಎರಡು ಕೊಟ್ಟರು. ಒಂದು ತನ್ನ ಕ್ಷೇತ್ರದ ಉಮೇದುವಾರನಿಗೆ, ಇನ್ನೊಂದು ಪಕ್ಷಕ್ಕೆ. ಪಾರ್ಲಿಮೆಂಟಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಲ ಎಂಬುದು ಎರಡನೆಯ ಓಟಿನಿಂದ ನಿರ್ಧಾರವಾಗುತ್ತದೆ. ಇಂದು ಆ ದೇಶದಲ್ಲಿ 299 ಕ್ಷೇತ್ರಗಳಿವೆ. 2023ರಲ್ಲಿ ಕಾಯಿದೆಯನ್ನು ಇನ್ನೂ ಬಿಗಿ ಮಾಡಿದರು. ಅದರಿಂದ 2025ರ ಚುನಾವಣೆಯಲ್ಲಿ ತಮ್ಮ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಓಟು ಪಡೆದ 23 ಮಂದಿಗೆ, ಪಕ್ಷದ ಪಾಲು ಸಾಲದೆ, ಜಾಗ ಸಿಗಲಿಲ್ಲ. ಇದು ಸರಿಯೇ ತಪ್ಪೇ ಎಂದು ಅಲ್ಲಿಯವರೇ ವಾದಿಸುತ್ತಿದ್ದಾರೆ. ನಮಗೆ ಬೇಕಾದ ಪಾಠ ಇಷ್ಟೇ: ಅವರಿಗೆ ಎರಡು ಓಟು, ನಮಗೆ ಒಂದೇ. ಒಂದೇ ಓಟಿನಲ್ಲಿ ನಾವು ಮನುಷ್ಯನನ್ನೂ ಅಳೆಯಬೇಕು, ಅವನ ಪಕ್ಷವನ್ನೂ ಅಳೆಯಬೇಕು. ಒಂದು ಕಣ್ಣು ಮುಚ್ಚಿ ತಕ್ಕಡಿ ಹಿಡಿದರೆ ಏನಾಗುತ್ತದೆಂದು ವ್ಯಾಪಾರಿ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ.

ದಿಲ್ಲಿಯಲ್ಲಿ ಕೈ ಎತ್ತುವವನು ಯಾರಾದರೇನು ಎಂದು ಕೆಲವರು ಕೇಳುತ್ತಾರೆ. 2019 ಮತ್ತು 2020ರಲ್ಲಿ ಪಾರ್ಲಿಮೆಂಟು ಹಳೆಯ 29 ಕಾರ್ಮಿಕ ಕಾಯಿದೆಗಳನ್ನು ತೆಗೆದು 4 ಸಂಹಿತೆಗಳನ್ನು ಮಾಡಿತು. ಕಾರ್ಖಾನೆಯಿಂದ ಆಳು ತೆಗೆಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಆಳಿಗೆ ಇದ್ದುದು 300 ಆಳಿಗೆ ಏರಿತು. ನಮ್ಮ ಕಡೆಯ ಗಿರಣಿಗಳಲ್ಲಿ 300 ಆಳು ಇರುವುದು ಎಷ್ಟು? ಲೆಕ್ಕ ನೀವೇ ಹಾಕಿ. 2017ರ ಜುಲೈ 1ರಂದು ಬಂದ ಜಿಎಸ್‌ಟಿಯೂ ದಿಲ್ಲಿಯಲ್ಲೇ ಆದದ್ದು. ಇನ್ನು ನೀರು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆ ಕಾಲುವೆಯಲ್ಲಿ ಹರಿಯುವುದಿಲ್ಲ, ನೀರು ಹರಿಯಬೇಕು. ಆ ಹಣವನ್ನು ಬೆನ್ನು ಹತ್ತಿ ಕೇಳಬೇಕಾದವರು ನಮ್ಮ ಸದಸ್ಯರು. ಅವರ ಬೆನ್ನು ಹತ್ತಬೇಕಾದವರು ನಾವು.

ಆದ್ದರಿಂದ ಮೂರು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು. ಪ್ರತಿ ಮತಗಟ್ಟೆಗೆ ಒಂದು ನೋಟುಪುಸ್ತಕ ಇಡಿ. ಪಾರ್ಲಿಮೆಂಟ್ ಸದಸ್ಯರಿಗೆ ನಾವು ಏನು ಕೇಳಿದೆವು, ಯಾವ ತಾರೀಖಿನಲ್ಲಿ ಕೇಳಿದೆವು, ಏನು ಉತ್ತರ ಬಂತು, ಬರೆದಿಡಿ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಎಷ್ಟು ಅಚ್ಚುಕಟ್ಟಾಗಿರುತ್ತದೋ ಇದೂ ಅಷ್ಟು ಅಚ್ಚುಕಟ್ಟಾಗಿರಲಿ.

ಎರಡು. ಸದಸ್ಯರ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಅದರಲ್ಲಿ ನೂರಕ್ಕೆ 15 ಪಾಲು ಪರಿಶಿಷ್ಟ ಜಾತಿಯವರಿರುವ ಕಡೆಗೆ, ಏಳೂವರೆ ಪಾಲು ಪರಿಶಿಷ್ಟ ಪಂಗಡದವರಿರುವ ಕಡೆಗೆ ಹೋಗಬೇಕೆಂಬ ನಿಯಮವಿದೆ. ಯಾವ ಕೇರಿಗೆ ಏನು ಬಂತೆಂದು ಅರ್ಜಿ ಕೊಟ್ಟು ಕೇಳಿ. ಕೇಳುವುದು ನಮ್ಮ ಹಕ್ಕು, ಭಿಕ್ಷೆಯಲ್ಲ.

ಮೂರು. ಕ್ಷೇತ್ರದ ಗೆರೆ ಮತ್ತೆ ಬದಲಾಗುವ ದಿನ ಬಂದಾಗ ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ, ಬಹಿರಂಗ ಸಭೆ ನಡೆಸುತ್ತಾರೆ. ಹಿಂದಿನ ಸಲ ನಮ್ಮ ಹೋಬಳಿಯಿಂದ ಯಾರು ಹೋದರು ಎಂದು ಹಿರಿಯರನ್ನು ಕೇಳಿದೆ, ಯಾರಿಗೂ ನೆನಪಿಲ್ಲ. ಮುಂದಿನ ಸಲ ಆ ಸಭೆಯಲ್ಲಿ ಗಿರಣಿಯವರದೂ ಸಂತೆಯವರದೂ ದನಿ ಕೇಳಿಬರಬೇಕು. ಹೋಗುವವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು.

ಬಂಧುಗಳೇ, 1957ರಲ್ಲಿ ಗುಡಿಸಲು ಗೆದ್ದದ್ದು ಪವಾಡವಲ್ಲ. ಜನ ಗೆಲ್ಲಿಸಿದರು. 1967ರ ಹೊತ್ತಿಗೆ ಆ ಗುಡಿಸಲು ಬಿದ್ದದ್ದು ಎದುರಾಳಿಯ ಏಟಿನಿಂದಲ್ಲ. ವರ್ಷಕ್ಕೊಮ್ಮೆ ಸೂರಿನ ಹುಲ್ಲು ಬದಲಿಸದೆ ಬಿಟ್ಟದ್ದರಿಂದ. ಗುಡಿಸಲಲ್ಲಿ ಬೆಳೆದವರಿಗೆ ಇದು ಗೊತ್ತು: ಮಳೆ ಬಂದ ಮೇಲೆ ಸೂರು ಹೊದಿಸಲು ಆಗುವುದಿಲ್ಲ. ಚುನಾವಣೆ ಇನ್ನೂ ದೂರ ಇರುವಾಗಲೇ ಆ ಕೆಲಸ ಆಗಬೇಕು. ಆ ನೋಟುಪುಸ್ತಕಗಳನ್ನು ಈ ರಾತ್ರಿಯೇ ಹಂಚುತ್ತೇವೆ. ಹೆಸರು ಬರೆಸಿಯೇ ಹೋಗಿ.